ವಿನಾಯಿತಿ ಪಟ್ಟಿಯ ಪಿಸ್ತೂಲು

ಪಂಪಾವತಿ ಮೊದಲ ಸಲ ಕಂಟ್ರೋಲ್ ರೂಮಿಗೆ ಫೋನ್ ಮಾಡಿದ್ದು ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂತ ಹೊತ್ತಿನಲ್ಲಿ. ನೀರಿನ ಟ್ಯಾಂಕಿನ ಹಿಂದೆ ನಿಂತು, ತನ್ನ ಹೆಸರು ಹೇಳದೆ, ಒಂದೇ ಪ್ರಶ್ನೆ ಕೇಳಿದಳು.

"ಪೊಲೀಸರ ಮನಿಯಾಗೂ ಚಿಲಕ ಬೀಳ್ತೈತೇನ್ರಿ ಮೇಡಂ?"

ಫೋನ್ ಎತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಹುಲಿಗೆಮ್ಮಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೇಳಲು ಬಾಯಿ ಬರಲಿಲ್ಲ. "ನೀವು ಎಲ್ಲಿಂದ ಮಾತಾಡಾಕತ್ತೀರಿ, ಮೊದ್ಲು ಅದನ್ನ ಹೇಳ್ರಿ" ಎಂದಳು. ಲೈನ್ ಕಟ್ಟಾಯಿತು.

ಅದು 2041ನೇ ಇಸವಿ. ತೋರಣಕೆರೆ ಜಿಲ್ಲೆಯ ಪರವಾನಗಿ ಬಂದೂಕುಗಳಿಗೆಲ್ಲ ಚಿಲಕ ಕೂರಿಸಿ ನಾಲ್ಕು ವರ್ಷವಾಗಿತ್ತು. ಅದಿರಿನ ಗಣಿಗಳ ಜಿಲ್ಲೆ ಅದು. ಗುತ್ತಿಗೆದಾರರು, ಲಾರಿ ಮಾಲೀಕರು, ಅವರ ಬೆನ್ನಿಗೆ ನಿಲ್ಲುವವರು, ಎಲ್ಲರ ಸೊಂಟದಲ್ಲೂ ಲೈಸೆನ್ಸಿನ ರಿವಾಲ್ವರ್ ಇರುತ್ತಿತ್ತು. ಆತ್ಮರಕ್ಷಣೆಗೆಂದು ಕೊಂಡ ಆ ರಿವಾಲ್ವರುಗಳು ಶತ್ರುಗಳ ಮೇಲೆ ಹಾರಿದ್ದಕ್ಕಿಂತ ಮನೆಯ ಹೆಂಗಸರ ಮೇಲೆ ಹಾರಿದ್ದೇ ಹೆಚ್ಚು. ಐದು ವರ್ಷಗಳಲ್ಲಿ ಹತ್ತೊಂಬತ್ತು ಹೆಂಗಸರು ಸತ್ತ ಮೇಲೆ ಸರ್ಕಾರ ಈ ಜಿಲ್ಲೆಯನ್ನೇ ಪ್ರಯೋಗಕ್ಕೆ ಆರಿಸಿಕೊಂಡಿತು.

ಸರ್ಕಾರದ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಚಿಲಕ ಅಂದದ್ದು ಜನ. ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಉಕ್ಕಿನ ಕಡ್ಡಿ, ಅದರ ಪಕ್ಕ ಸಾಸಿವೆ ಗಾತ್ರದ ಎಲೆಕ್ಟ್ರಾನಿಕ್ ಚಿಪ್. ಎರಡೂ ಬಂದೂಕಿನ ಹಿಡಿಯೊಳಗೆ ಕೂತಿರುತ್ತವೆ. ಮನೆಯಲ್ಲಿ ಹೊಡೆತ, ಬೆದರಿಕೆ ಅಂತ ಯಾರಾದರೂ ಫೋನ್ ಮಾಡಿದರೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಆ ಮನೆಯವರ ಹೆಸರಿನಲ್ಲಿರುವ ಬಂದೂಕುಗಳೆಲ್ಲ ಕೆಂಪಾಗಿ ಕಾಣುತ್ತವೆ. ಹುಲಿಗೆಮ್ಮಳಂಥ ಆಪರೇಟರ್ ಬೆರಳಿಟ್ಟರೆ ಮೊಬೈಲ್ ಟವರ್‌ನಿಂದ ಆಜ್ಞೆ ಹೋಗಿ, ನಾಲ್ಕು ಸೆಕೆಂಡಿನೊಳಗೆ ಕಡ್ಡಿ ಹೊರಬಂದು ಟ್ರಿಗರನ್ನು ಹಿಡಿದುಬಿಡುತ್ತದೆ. ಮೂರು ದಿನ ಬಂದೂಕು ಬರೀ ಕಬ್ಬಿಣ. ಆಮೇಲೆ ಮಹಿಳಾ ಇಲಾಖೆಯ ರಕ್ಷಣಾಧಿಕಾರಿ ಮನೆಗೆ ಬಂದು ವಿಚಾರಿಸಿ ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಚಿಲಕಕ್ಕೆ ನೆನಪೂ ಇತ್ತು. ಎಷ್ಟು ಹೊತ್ತಿಗೆ ಬಿತ್ತು, ಬಿದ್ದ ಮೇಲೆ ಯಾರಾದರೂ ಟ್ರಿಗರ್ ಎಳೆದರೇ, ಎಷ್ಟು ಸಲ ಎಳೆದರು ಎನ್ನುವುದನ್ನೆಲ್ಲ ಅದು ಬರೆದಿಡುತ್ತಿತ್ತು.

ಚಿಲಕ ಬಂದ ನಾಲ್ಕು ವರ್ಷಗಳಲ್ಲಿ ಜಿಲ್ಲೆಯಲ್ಲಿ ಹಾಗೆ ಸತ್ತವಳು ಒಬ್ಬಳೇ, ಅದೂ ಕಳ್ಳ ನಾಡಬಂದೂಕಿನಿಂದ. ಹುಲಿಗೆಮ್ಮ ಒಬ್ಬಳೇ ಮುನ್ನೂರಕ್ಕೂ ಹೆಚ್ಚು ಚಿಲಕ ಹಾಕಿದ್ದಳು. ಆ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಪೊಲೀಸರ ಪಿಸ್ತೂಲುಗಳಲ್ಲೂ ಚಿಲಕವಿತ್ತು. ಯಾರಾದರೂ ಕಸಿದುಕೊಂಡು ಓಡಿದರೆ ಕೆಲಸಕ್ಕೆ ಬಾರದಿರಲಿ ಅಂತ. ಆದರೆ ಮನೆಯ ದೂರುಗಳ ವಿಷಯಕ್ಕೆ ಬಂದರೆ ಅವೆಲ್ಲ ವಿನಾಯಿತಿ ಪಟ್ಟಿಯಲ್ಲಿದ್ದವು. ಪರದೆಯ ಮೇಲೆ ಅವು ಬೂದು ಬಣ್ಣದಲ್ಲಿ ಕಾಣುತ್ತಿದ್ದವು. ಎಷ್ಟು ಒತ್ತಿದರೂ ಏನೂ ಆಗುತ್ತಿರಲಿಲ್ಲ.

ಫೋನ್ ಬಂದ ನಂಬರಿನ ಮುಂದೆ ಹುಲಿಗೆಮ್ಮ ಈಗ ನೋಡುತ್ತಿದ್ದದ್ದು ಅಂಥ ಒಂದು ಬೂದು ಗುರುತು. ಪಂಪಾವತಿ, ಶಿಕ್ಷಕಿ. ಗಂಡ ಅಮರೇಶ, ಪೊಲೀಸ್ ಇನ್‌ಸ್ಪೆಕ್ಟರ್, ತೋರಣಕೆರೆ ನಗರ ಠಾಣೆ.

ಅಮರೇಶನನ್ನು ಇಲಾಖೆಯಲ್ಲಿ ಇಷ್ಟಪಡದವರು ಕಡಿಮೆ. ಅದಿರು ಕದಿಯುವ ಗುಂಪನ್ನು ಹಿಡಿದು ಪದಕ ಪಡೆದವನು. ಕಾನ್‌ಸ್ಟೆಬಲ್‌ಗಳಿಗೆ ರಜೆ ಕೇಳಿದರೆ ಇಲ್ಲ ಎನ್ನದವನು. ಹುಲಿಗೆಮ್ಮಳ ಅವ್ವನಿಗೆ ಪಾರ್ಶ್ವವಾಯು ಬಡಿದಾಗ ತನ್ನ ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸಿದ್ದನು. ಅವನ ಹೆಸರು ಪರದೆಯ ಮೇಲೆ ನೋಡಿದಾಗ ಹುಲಿಗೆಮ್ಮಳಿಗೆ ಮೊದಲು ಅನ್ನಿಸಿದ್ದು, ಇದೇನೋ ತಪ್ಪಾಗಿರಬೇಕು ಎಂದೇ.

ಮೂರು ದಿನ ಬಿಟ್ಟು ಅದೇ ನಂಬರಿನಿಂದ ಮತ್ತೆ ಫೋನ್ ಬಂತು. ಈ ಸಲ ಪಂಪಾವತಿ ಹೆಸರು ಹೇಳಿದಳು. "ಪಿಸ್ತೂಲು ತೋರಿಸಿ ಹೆದರಸ್ತಾರ್ರಿ" ಎಂದಳು.

ನಿಯಮದ ಪ್ರಕಾರ ದೂರನ್ನು ಆ ಪ್ರದೇಶದ ಠಾಣೆಗೆ ಕಳಿಸಬೇಕು. ಆ ಪ್ರದೇಶದ ಠಾಣೆಯ ಇನ್‌ಸ್ಪೆಕ್ಟರ್ ಅಮರೇಶನೇ. ಹುಲಿಗೆಮ್ಮ ಕಳಿಸಿದಳು. ಒಂದು ಗಂಟೆಯಲ್ಲಿ ಉತ್ತರ ಬಂತು: "ಸ್ಥಳಕ್ಕೆ ಭೇಟಿ ನೀಡಲಾಗಿದೆ. ಗಂಡ ಹೆಂಡಿರ ನಡುವಿನ ಸಣ್ಣ ಮನಸ್ತಾಪ. ಇತ್ಯರ್ಥವಾಗಿದೆ."

*

ಭೇಟಿಗೆ ಬಂದ ಕಾನ್‌ಸ್ಟೆಬಲ್ ಬಾಗಿಲಲ್ಲೇ ಸೆಲ್ಯೂಟ್ ಹೊಡೆದಿದ್ದ. ಪಂಪಾವತಿ ಅವನಿಗೆ ಚಹಾ ಮಾಡಿಕೊಟ್ಟಳು. ಅವನು ಮುಜುಗರದಿಂದ ಅರ್ಧ ಕುಡಿದು ಎದ್ದುಹೋದ. ಅಮರೇಶ ಗೇಟಿನವರೆಗೆ ಹೋಗಿ ಕಳಿಸಿ ಬಂದು, ಊಟದ ಮೇಜಿನ ಮುಂದೆ ಕೂತು, ಸೊಂಟದ ಪಿಸ್ತೂಲನ್ನು ತೆಗೆದು ಶೇಂಗಾ ಚಟ್ನಿಯ ಡಬ್ಬಿಯ ಪಕ್ಕ ಇಟ್ಟ.

"ಬಟ್ಟಿ ತಗೊಂಬಾ" ಎಂದ. "ಎಣ್ಣಿ ತಗೊಂಬಾ. ಒರಸು."

ಅವನು ಕೈ ಎತ್ತಿ ಹೊಡೆದವನಲ್ಲ. ಇದೆಲ್ಲ ಶುರುವಾದದ್ದು ಎಂಟು ತಿಂಗಳ ಹಿಂದೆ, ಪಂಪಾವತಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗ. ನಲವತ್ತು ಕಿಲೋಮೀಟರ್ ದೂರದ ಊರು. ಅಲ್ಲೇ ಮನೆ ಮಾಡುತ್ತೇನೆ, ಶನಿವಾರ ಬರುತ್ತೇನೆ ಎಂದಿದ್ದಳು. ಅವನು ಬೇಡ ಎಂದ. ಅವಳು ಹೋಗುತ್ತೇನೆ ಎಂದಳು. ಅಂದು ಪಿಸ್ತೂಲು ಮೊದಲ ಬಾರಿಗೆ ಊಟದ ಮೇಜಿಗೆ ಬಂತು. ಅವಳು ಬಡ್ತಿಯನ್ನು ನಿರಾಕರಿಸಿ ಪತ್ರ ಕೊಟ್ಟ ಮೇಲೂ ಅದು ಮೇಜಿನಿಂದ ಇಳಿಯಲಿಲ್ಲ. ಯಾವ ಮಾತಿಗೆ ಸಿಟ್ಟು ಬಂದರೂ ಅವನು ಹೇಳುತ್ತಿದ್ದದ್ದು ಅದೊಂದೇ, ಒರೆಸು. ಅವಳು ಒರೆಸುವಾಗ ಎದುರು ಕೂತು ನೋಡುತ್ತಿದ್ದ.

ಅಂದು ಅವಳು ಒರೆಸಿ ಇಟ್ಟ ಮೇಲೆ ಅವನು ಮೃದುವಾಗಿಯೇ ಮಾತಾಡಿದ. "ಇದರ ಮ್ಯಾಲೆ ನಿನ್ನ ಬೆರಳಚ್ಚು ಎಷ್ಟು ಅದಾವ ಗೊತ್ತೇನು ಪಂಪಾ? ಶಾಲಿ ಟೀಚರು, ಗಂಡನ ಪಿಸ್ತೂಲು ಒರಸಾಕ ಹೋಗಿದ್ಲು, ಕೈ ಜಾರಿತು. ಆ ರಿಪೋರ್ಟ್ ಬರೆಯೋನು ನಾನೇ."

ಎಂಟು ತಿಂಗಳು ತಾನು ಏನು ಮಾಡುತ್ತಿದ್ದೆ ಎನ್ನುವುದು ಪಂಪಾವತಿಗೆ ಆಗ ಅರ್ಥವಾಯಿತು. ತನ್ನ ಸಾವಿನ ಸಾಕ್ಷಿಯನ್ನು ತಾನೇ, ಎಣ್ಣೆ ಬಟ್ಟೆ ಹಿಡಿದು, ತಯಾರು ಮಾಡುತ್ತಿದ್ದಳು.

*

"ಇತ್ಯರ್ಥವಾಗಿದೆ" ಎಂಬ ಆ ಒಂದು ಸಾಲು ಹುಲಿಗೆಮ್ಮಳಿಗೆ ಹಿಡಿಸಲಿಲ್ಲ. ನಾಲ್ಕು ವರ್ಷ ಇಂಥ ದನಿಗಳನ್ನೇ ಕೇಳಿದ ಕಿವಿ ಅವಳದು. ಸಣ್ಣ ಮನಸ್ತಾಪದ ಹೆಂಗಸರು ಫೋನಿನಲ್ಲಿ ಅಳುತ್ತಾರೆ, ಬೈಯುತ್ತಾರೆ, ತವರಿನವರನ್ನು ಕರೆಯುತ್ತಾರೆ. ಪಂಪಾವತಿ ಹಾಜರಿ ಕೂಗುವವಳ ಹಾಗೆ ಮಾತಾಡಿದ್ದಳು. ಹಾಗೆ ಮಾತಾಡುವವರು ಬಹಳ ದಿನದಿಂದ ಹೆದರಿದವರು.

ಮರುದಿನ ಕಂಟ್ರೋಲ್ ರೂಮಿನ ಕೆಲಸಕ್ಕೆ ವಾರದ ರಜೆ. ಹುಲಿಗೆಮ್ಮ ಸೀರೆ ಉಟ್ಟು ಶಾಲೆಗೆ ಹೋದಳು. ದೂರುದಾರರನ್ನು ಆಪರೇಟರ್ ಖುದ್ದಾಗಿ ಭೇಟಿ ಮಾಡುವುದು ನಿಯಮದ ಪ್ರಕಾರ ತಪ್ಪು. ಮೂರನೇ ತರಗತಿಯ ಮಕ್ಕಳು ಮಗ್ಗಿ ಬರೆಯುತ್ತಿದ್ದಾಗ ಇಬ್ಬರೂ ಜಗಲಿಯ ಮೇಲೆ ನಿಂತರು. ಪಂಪಾವತಿ ಎಲ್ಲವನ್ನೂ ಹೇಳಿದಳು. ಒರೆಸುವ ವಿಷಯಕ್ಕೆ ಬಂದಾಗ ಅವಳು ತನ್ನ ಅಂಗೈಗಳನ್ನು ಸೀರೆಗೆ ಉಜ್ಜಿಕೊಂಡಳು.

"ತವರಿಗೆ ಹೋಗಬಾರದೇನ್ ತಂಗಿ?"

"ಹೋಗಿದ್ದೆ ಅಕ್ಕಾ. ಎರಡು ಸಲ. ಜೀಪಿನಾಗ ಬಂದು ಕರ್ಕೊಂಡು ಬಂದ್ರು. ಅಪ್ಪಗ ಹೆಮ್ಮಿ, ಇನ್‌ಸ್ಪೆಕ್ಟರ್ ಅಳಿಯ ತಾನೇ ಬಂದಾನ ಅಂತ."

ಹುಲಿಗೆಮ್ಮ ಅಂದೇ ಕೂತು ಎಸ್‌ಪಿ ಸಾಹೇಬರಿಗೆ ಅರ್ಜಿ ಬರೆದಳು. ಇನ್‌ಸ್ಪೆಕ್ಟರ್ ಅಮರೇಶರ ಸೇವಾ ಪಿಸ್ತೂಲಿಗೆ ಚಿಲಕ ಹಾಕಲು ಅನುಮತಿ ಬೇಕು, ಕಾರಣ ಹೀಗೆ. ಐದನೆಯ ದಿನ ಅದು ತಿರುಗಿ ಬಂತು. ಕೆಳಗೆ ಹಸಿರು ಶಾಯಿಯಲ್ಲಿ, "ಸೇವಾ ಆಯುಧಗಳು ವಿನಾಯಿತಿ ಪಟ್ಟಿಯಲ್ಲಿವೆ. ಕ್ರಮದ ಅಗತ್ಯವಿಲ್ಲ. ಆಪರೇಟರ್ ತಮ್ಮ ಕರ್ತವ್ಯದ ಮಿತಿ ಅರಿತು ನಡೆಯತಕ್ಕದ್ದು."

ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹುಲಿಗೆಮ್ಮ ಪರೇಡ್ ಮೈದಾನ ದಾಟಿ ಶಸ್ತ್ರಾಗಾರಕ್ಕೆ ಹೋದಳು.

ಶಸ್ತ್ರಾಗಾರದ ಉಸ್ತುವಾರಿ ರಾಜಾಸಾಬನದು. ಮೀಸಲು ಪಡೆಯ ಹೆಡ್ ಕಾನ್‌ಸ್ಟೆಬಲ್, ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದವನು. ಜಿಲ್ಲೆಯ ಯಾವ ಪಿಸ್ತೂಲು ಯಾರ ಸೊಂಟದಲ್ಲಿದೆ ಎನ್ನುವುದು ಅವನಿಗೆ ಪುಸ್ತಕ ನೋಡದೆ ಗೊತ್ತು.

"ರಾಜಾಸಾಬಣ್ಣ, ಪೊಲೀಸರ ಪಿಸ್ತೂಲಿಗೆ ಚಿಲಕ ಹಾಕೋ ದಾರಿ ಯಾವುದೂ ಇಲ್ಲೇನು?"

"ಐತಿ. ತಪಾಸಣೆ." ಅವನು ರೈಫಲ್ಲಿನ ಬೋಲ್ಟಿಗೆ ಎಣ್ಣೆ ಬಿಡುತ್ತಲೇ ಹೇಳಿದ. "ವರ್ಷಕ್ಕೊಮ್ಮೆ ಎಲ್ಲಾ ಪಿಸ್ತೂಲು ತಪಾಸಣೆಗೆ ತರಿಸ್ತೀವಲ್ಲ, ತರದವರ ಪಿಸ್ತೂಲಿಗೆ ಚಿಲಕ ಬೀಳಸ್ತೀವಿ. ಓಡಿ ಬರ್ತಾರ. ಇಲ್ಲಿಂದ ನನ್ನ ಕೀಲಿ, ಅಲ್ಲಿಂದ ಕಂಟ್ರೋಲ್ ರೂಮಿನ ಕೀಲಿ, ಎರಡೂ ಒಂದು ನಿಮಿಷದಾಗ ಒತ್ತಬೇಕು. ವಿನಾಯಿತಿ ಪಟ್ಟಿ ಅದಕ್ಕ ಅಡ್ಡ ಬರಂಗಿಲ್ಲ. ಯಾಕ?"

ಅವಳು ಯಾಕೆಂದು ಹೇಳಿದಳು. ರಾಜಾಸಾಬ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

"ಆಗಂಗಿಲ್ಲ ತಂಗಿ. ಡ್ಯೂಟಿ ಮ್ಯಾಲಿರೋ ಇನ್‌ಸ್ಪೆಕ್ಟರ್ ಪಿಸ್ತೂಲು. ನನ್ನ ಪೆನ್ಷನ್ನು, ನಿನ್ನ ನೌಕರಿ, ಎರಡೂ ಹೋಗ್ತಾವ."

"ಆಕಿ ಜೀವ ಹೋದ್ರ?"

ಅವಳು ಎದ್ದು ಬಾಗಿಲ ತನಕ ಹೋದಾಗ ಹಿಂದಿನಿಂದ ಕರೆದ. ಗೋಡೆಯ ಸಾಲಿನಲ್ಲಿ ನಿಂತಿದ್ದ ರೈಫಲ್ಲುಗಳಲ್ಲಿ ಒಂದನ್ನು ತೋರಿಸಿದ.

"ಆರು ವರ್ಷದ ಹಿಂದೆ ಇದನ್ನ ಬೆಳಗ್ಗೆ ಎಂಟಕ್ಕ ಒಬ್ಬ ಕಾನ್‌ಸ್ಟೆಬಲ್ಲಿಗೆ ಕೊಟ್ಟೆ. ಮಧ್ಯಾಹ್ನ ಅವ ಹೆಂಡತೀನ ಕೊಂದ. ಕೋರ್ಟಿನವರು ಎರಡು ವರ್ಷ ಇಟ್ಕೊಂಡು ವಾಪಸ್ ಕಳಿಸಿದ್ರು. ನಾನೇ ಸ್ವಚ್ಛ ಮಾಡಿ ಇಲ್ಲಿ ನಿಲ್ಲಿಸಿದೆ. ಈಗ ಬೇರೆಯವನಿಗೆ ದಿನಾ ಕೊಡ್ತೀನಿ, ದಿನಾ ತಗೋತೀನಿ." ಅವನು ಕೈ ಇಳಿಸಿದ. "ಆಕಿ ಹೆಸರು ಹಸೀನಾ. ಇಲ್ಲಿ ಯಾರಿಗೂ ನೆನಪಿಲ್ಲ."

ಹುಲಿಗೆಮ್ಮ ಬಾಗಿಲಿಂದ ಮರಳಿ ಬಂದಳು.

"ಫೋನ್ ಬಂದ ಕೂಡ್ಲೇ ನನಗ ಹೇಳು. ಕೀಲಿ ಕೊಳ್ಳಾಗೇ ಇರ್ತೈತಿ" ಎಂದ ರಾಜಾಸಾಬ.

*

ಪಂಪಾವತಿಗೆ ಹುಲಿಗೆಮ್ಮ ಹೇಳಿದ್ದು ಇಷ್ಟೇ. "ಪಿಸ್ತೂಲು ಹೊರಗ ಬಂದ್ರ ನಮ್ಮ ನಂಬರ್ ಒತ್ತಿ ಫೋನನ್ನ ಎಲ್ಲಿಯಾದ್ರೂ ಇಡು. ಮಾತಾಡಬ್ಯಾಡ. ನಾನು ಕೇಳ್ತಿರ್ತೀನಿ. ಚಿಲಕ ಬಿತ್ತೋ ಇಲ್ಲೋ ನಿನಗ ಹೇಳಾಕ ಆಗಂಗಿಲ್ಲ ತಂಗಿ. ಅದಕ್ಕ ಬಾಗಿಲ ಕಡೀಗೇ ನಿಂತಿರು."

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಭಾನುವಾರ, ಮಧ್ಯಾಹ್ನ ಎರಡೂ ಮುಕ್ಕಾಲಕ್ಕೆ ಫೋನ್ ಬಂತು.

ಆ ಹೊತ್ತಿನಲ್ಲಿ ನಡೆದದ್ದನ್ನು ಹುಲಿಗೆಮ್ಮ ಕಿವಿಯಿಂದಷ್ಟೇ ಕಂಡಳು. ಮೊದಲು ಪಾತ್ರೆಗಳ ಸದ್ದು. ಫೋನು ಅಕ್ಕಿ ಡಬ್ಬಿಯ ಹಿಂದೆ ಇದ್ದುದರಿಂದ ಮಾತುಗಳು ದೂರದಿಂದ ಬರುತ್ತಿದ್ದವು. ಹುಲಿಗೆಮ್ಮ ಎಸ್‌ಪಿಗೆ ಅರ್ಜಿ ಬರೆದದ್ದು ಅಮರೇಶನಿಗೆ ಗೊತ್ತಾಗಿತ್ತು. "ನನ್ನ ಆಫೀಸಿನಾಗ ನನ್ನ ಮರ್ಯಾದಿ ಹರಾಜು ಹಾಕ್ತೀಯಾ?" ಎನ್ನುತ್ತಿದ್ದ. ದನಿ ಏರಿಸದೆ ಕೇಳುತ್ತಿದ್ದ. ಆಮೇಲೆ ಮೇಜಿನ ಮೇಲೆ ಭಾರದ ವಸ್ತು ಇಟ್ಟ ಸದ್ದು.

ಹುಲಿಗೆಮ್ಮ ಇನ್ನೊಂದು ಫೋನೆತ್ತಿ ಶಸ್ತ್ರಾಗಾರಕ್ಕೆ, "ಅಣ್ಣಾ, ಈಗ" ಎಂದಳು. ರಾಜಾಸಾಬ ಏನೂ ಕೇಳಲಿಲ್ಲ. ಅವನು ಕೀಲಿ ಒತ್ತಿದ್ದು ಪರದೆಯ ಮೇಲೆ ಕಾಣಿಸಿತು. ಹುಲಿಗೆಮ್ಮ ತನ್ನ ಕೀಲಿ ಒತ್ತಿದಳು. ಬೂದು ಗುರುತು ಒಂದೆರಡು ಸಲ ಮಿನುಗಿ ಹಾಗೇ ನಿಂತಿತು. ಮತ್ತೆ ಒತ್ತಬೇಕೆನ್ನುವಷ್ಟರಲ್ಲಿ ಅದು ಕೆಂಪಾಯಿತು. ಎರಡು ಗಂಟೆ ನಲವತ್ತೇಳು ನಿಮಿಷ ಹತ್ತೊಂಬತ್ತು ಸೆಕೆಂಡು.

ಮನೆಯಲ್ಲಿ ಅಮರೇಶ ಬಟ್ಟೆಯನ್ನು ಹೆಂಡತಿಯತ್ತ ಎಸೆದ.

"ಒರಸು."

ಬಟ್ಟೆ ಪಂಪಾವತಿಯ ಕಾಲ ಬಳಿ ಬಿತ್ತು. ಅವಳು ಬಾಗಲಿಲ್ಲ. ಚಿಲಕ ಬಿದ್ದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತ ಯಾರಾದರೂ ಫೋನೆತ್ತಿದರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ಒರಸಂಗಿಲ್ಲ" ಎಂದಳು.

"ಏನಂದಿ?"

"ಒರಸಂಗಿಲ್ರಿ. ಇವತ್ತೂ ಇಲ್ಲ, ನಾಳಿಗೂ ಇಲ್ಲ. ನಿಮ್ಮ ಪಿಸ್ತೂಲು, ನೀವ ಒರಸ್ಕೋರ್ರಿ. ಆ ಬಡ್ತಿ ಮತ್ತ ಕೊಡ್ರಿ ಅಂತ ಮೊನ್ನೆ ಬರೆದು ಕೊಟ್ಟೀನಿ. ನಾನು ಹೋಗಾಕಿ."

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಹುಲಿಗೆಮ್ಮಳಿಗೆ ಕೇಳಿಸಿತು. ಆಮೇಲೆ ಪರದೆಯ ಕೆಳತುದಿಯಲ್ಲಿ ಒಂದು ಸಾಲು ಮೂಡಿತು: ಟ್ರಿಗರ್ ಎಳೆಯಲಾಗಿದೆ, 2:48:00. ಅದರ ಕೆಳಗೆ ಇನ್ನೊಂದು, 2:48:01. ಇನ್ನೊಂದು, 2:48:02.

ನಾಲ್ಕು ವರ್ಷಗಳ ಕೆಲಸದಲ್ಲಿ ಅವಳು ಆ ಸಾಲನ್ನು ನೋಡಿದ್ದು ಅದೇ ಮೊದಲು. ಮುಂದಿನ ಕೆಲಸವನ್ನು ಅವಳ ಬೆರಳುಗಳೇ ಮಾಡಿದವು. ನಗರ ಠಾಣೆಯನ್ನು ಬಿಟ್ಟು ಮಹಿಳಾ ಠಾಣೆಯ ವಾಹನವನ್ನು ಕಳಿಸಿದಳು, ರಕ್ಷಣಾಧಿಕಾರಿಗೆ ಫೋನ್ ಮಾಡಿದಳು, ಪರದೆಯ ಮೇಲಿನ ದಾಖಲೆಯ ಪ್ರತಿಯನ್ನು ನ್ಯಾಯಾಲಯದ ಡಿಜಿಟಲ್ ಪೆಟ್ಟಿಗೆಗೆ ರವಾನಿಸಿದಳು. ಅಲ್ಲಿಗೆ ಸೇರಿದ್ದನ್ನು ಇಲಾಖೆಯವರು ಯಾರೂ ಅಳಿಸಲಾರರು.

ಪಂಪಾವತಿ ಅಷ್ಟರಲ್ಲಿ ಪೊಲೀಸ್ ವಸತಿಗೃಹಗಳ ಬೀದಿಯಲ್ಲಿದ್ದಳು. ತನ್ನ ಎದೆಗೆ ಅವನು ಗುರಿ ಹಿಡಿದ ಪಿಸ್ತೂಲಿನಿಂದ ಮೂರು ಸಲ ಟಕ್ ಎಂಬ ಒಣ ಸದ್ದು ಬಂದದ್ದನ್ನು ಅವಳು ಕೇಳಿದ್ದಳು. ಅಮರೇಶ ನಂಬಲಾರದೆ ಪಿಸ್ತೂಲನ್ನು ತಿರುಗಿಸಿ ನೋಡುತ್ತಿದ್ದಾಗ ಬಾಗಿಲು ದಾಟಿ ಬರಿಗಾಲಲ್ಲಿ ಓಡಿದ್ದಳು. ಎದುರು ಮನೆಯ ಶರಣಮ್ಮ, ಒಬ್ಬ ಎಎಸ್‌ಐಯ ಹೆಂಡತಿ, ಹಪ್ಪಳ ಒಣಹಾಕುತ್ತಿದ್ದವಳು, ಅವಳನ್ನು ತನ್ನ ಗೇಟಿನೊಳಕ್ಕೆ ಎಳೆದುಕೊಂಡು ಅಗುಳಿ ಹಾಕಿದಳು. ಅಮರೇಶ ಗೇಟಿನ ಹತ್ತಿರ ಬಂದು "ನನ್ನ ಹೆಂಡತೀನ ಕಳಿಸ್ರಿ" ಎಂದಾಗ ಶರಣಮ್ಮ ಗೇಟಿನ ಈಚೆ ಕಡೆ ಹಿಟ್ಟಿನ ಕೈಯಲ್ಲೇ ನಿಂತಳು.

"ಕಳಿಸಂಗಿಲ್ರಿ ಸಾಹೇಬ್ರ" ಎಂದಳು. ಪಕ್ಕದ ಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಮಹಿಳಾ ಠಾಣೆಯ ವಾಹನ ಬರುವವರೆಗೆ ಯಾರೂ ಒಳಗೆ ಹೋಗಲಿಲ್ಲ.

*

ಎರಡು ದಿನದಲ್ಲಿ ಹುಲಿಗೆಮ್ಮ ಮತ್ತು ರಾಜಾಸಾಬ ಇಬ್ಬರೂ ಅಮಾನತಾದರು. ಅಮರೇಶ ಆಸ್ಪತ್ರೆಯಲ್ಲಿ ಎದೆನೋವೆಂದು ಮಲಗಿದ್ದ. ತಪಾಸಣೆಗೆ ಒಯ್ಯಬೇಕಿತ್ತೆಂದು ಖಾಲಿ ಪಿಸ್ತೂಲಿನ ಟ್ರಿಗರ್ ಪರೀಕ್ಷಿಸುತ್ತಿದ್ದೆ, ಹೆಂಡತಿ ಎದುರಿಗೆ ಇರಲೇ ಇಲ್ಲ ಎಂದು ಹೇಳಿಕೆ ಕೊಟ್ಟಿದ್ದ.

ಹುಲಿಗೆಮ್ಮಳ ಗಂಡ ಯಲ್ಲಪ್ಪ ಸರ್ಕಾರಿ ಬಸ್ಸಿನ ಚಾಲಕ. ಅಮಾನತಿನ ಕಾಗದ ಬಂದ ದಿನ ಅವನು ಕೆಲಸ ಮುಗಿಸಿ ಬಂದವನೇ ಬೂಟು ಬಿಚ್ಚದೆ ಕೂತ.

"ಡಿಪೋದಾಗ ಎಲ್ಲಾರೂ ಕೇಳಾಕತ್ತಾರ. ಜೀಪಿನಾಗ ಅವ್ವನ್ನ ಆಸ್ಪತ್ರಿಗೆ ಒಯ್ದವ, ಅವನ ಮ್ಯಾಲೇ ಹಿಂಗ ಮಾಡಿದ್ಲಲ್ಲ ಅಂತ."

"ನೀ ಏನಂದಿ?"

"ಏನ್ ಅನ್ನಲಿ? ಸುಮ್ನ ಬಂದೆ." ಬೂಟಿನ ಲಾಡಿ ಬಿಚ್ಚುತ್ತಾ ಕೇಳಿದ, "ಅಂವ ಖರೇನ ಟ್ರಿಗರ್ ಎಳೆದನೇನು?"

"ಮೂರು ಸಲ."

ಯಲ್ಲಪ್ಪ ತಲೆ ಆಡಿಸಿದ. ಒಂದು ಸಲವಾದರೆ ಸಿಟ್ಟಿನ ಭರ ಅನ್ನಬಹುದಿತ್ತು ಎಂದು ಮನಸ್ಸಿನಲ್ಲೇ ತೂಗಿದನೋ ಏನೋ. ಒಳಗೆ ಮಂಚದ ಮೇಲಿದ್ದ ಅವ್ವ, ಅರ್ಧ ಬಾಯಿ ಬಿದ್ದುಹೋದವಳು, ಎಲ್ಲ ಕೇಳಿಸಿಕೊಂಡಿದ್ದಳು. ತೊದಲುತ್ತಾ ಕೂಗಿ ಹೇಳಿದಳು: "ನನ್ನ ಒಯ್ದ ಅಂತ... ಆಕೀನ... ಕೊಲ್ಲಾಕ... ಬಿಡಬೇಕೇನು?"

ಮರುದಿನ ಡಿಪೋದಲ್ಲಿ ಯಾರೋ ಮತ್ತೆ ಕೇಳಿದಾಗ ಯಲ್ಲಪ್ಪ ಅತ್ತೆಯ ಮಾತನ್ನೇ ಹೇಳಿ ಬಸ್ ಹತ್ತಿದ.

*

ವಿಚಾರಣೆ ನಡೆಸಿದವರು ಡಿವೈಎಸ್‌ಪಿ ಗುರುಪ್ರಸಾದ್, ಮೈಸೂರಿನ ಕಡೆಯವರು. ಕೆಟ್ಟ ಮನುಷ್ಯರಲ್ಲ. ಹುಲಿಗೆಮ್ಮಳನ್ನು ಕೂರಿಸಿ, ನೀರು ಕೊಡಿಸಿ, ಬಾಗಿಲು ಮುಚ್ಚಿಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇತ್ತು.

"ನೋಡಿ ಹುಲಿಗೆಮ್ಮ, ಯಾರಿಗೂ ತೊಂದರೆ ಆಗೋದು ಬೇಡ. ತಪಾಸಣೆಯ ಆಜ್ಞೆ ಯಂತ್ರದ ದೋಷದಿಂದ ತಾನಾಗಿಯೇ ಹೋಯ್ತು, ಅಷ್ಟೇ. ಇದಕ್ಕೆ ಸಹಿ ಹಾಕಿ. ನಾಳೆಯಿಂದಲೇ ಕೆಲಸಕ್ಕೆ ಬನ್ನಿ. ರಾಜಾಸಾಬರಿಗೂ ಪೆನ್ಷನ್ ಉಳಿಯುತ್ತೆ."

ಹುಲಿಗೆಮ್ಮ ಹಾಳೆಯನ್ನು ನಿಧಾನವಾಗಿ ಎರಡು ಸಲ ಓದಿದಳು.

"ಸರ್, ಚಿಲಕ ದೋಷದಿಂದ ಬಿತ್ತು ಅಂದ್ರ, ಅದು ಬರೆದಿಟ್ಟದ್ದೂ ದೋಷ ಆಗ್ತೈತಲ್ರಿ?"

ಗುರುಪ್ರಸಾದ್ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡರು.

"ಮೂರು ಸಲ ಟ್ರಿಗರ್ ಎಳೆದದ್ದೂ ಸುಳ್ಳಾಗ್ತೈತಿ. ಅಂವ ಮನಿಗೆ ಹೋಗ್ತಾನ. ಹೌದಲ್ರಿ?"

"ಅದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ನೀವು ನಿಮ್ಮದು ನೋಡಿಕೊಳ್ಳಿ. ಒಂದು ಗುಂಪು ಠಾಣೆಯ ಮೇಲೆ ದಾಳಿ ಮಾಡಿದ್ದರೆ? ಇನ್‌ಸ್ಪೆಕ್ಟರ್ ಕೈಯಲ್ಲಿ ಪಿಸ್ತೂಲು ಕೆಲಸ ಮಾಡದೇ ಸತ್ತಿದ್ದರೆ? ಆ ಜವಾಬ್ದಾರಿ ಯಾರದು?"

"ನನ್ನದೇರಿ ಸರ್. ಆಗ ನನ್ನನ್ನ ಜೈಲಿಗೆ ಹಾಕಬೇಕಿತ್ತು, ಒಪ್ತೀನಿ. ಆದ್ರ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮ್ಯಾಲೆ ಯಾವ ಗುಂಪೂ ದಾಳಿ ಮಾಡಿರಲಿಲ್ಲ. ಅಲ್ಲಿದ್ದಾಕಿ ಒಬ್ಬಾಕಿ ಟೀಚರು."

"ಆವೇಶದಲ್ಲಿ ಮಾತಾಡ್ತಿದ್ದೀರಿ. ಹೊರಗೆ ಹೋಗಿ ಯೋಚನೆ ಮಾಡಿ ಬನ್ನಿ."

"ಹನ್ನೊಂದು ದಿನ ಯೋಚನೆ ಮಾಡೇ ಒತ್ತೀನ್ರಿ" ಎಂದಳು ಹುಲಿಗೆಮ್ಮ. ಅವರ ಪೆನ್ನನ್ನೇ ಕೇಳಿ ಪಡೆದು, ಟೈಪ್ ಮಾಡಿದ ಸಾಲುಗಳ ಮೇಲೆ ಗೆರೆ ಎಳೆದು, ಕೆಳಗೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: "ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಬೇಕಂತಲೇ ಚಿಲಕ ಹಾಕಿದೆ. ಅಂಥ ಫೋನ್ ಮತ್ತೆ ಬಂದರೆ ಮತ್ತೆ ಹಾಕುತ್ತೇನೆ." ಸಹಿ ಮಾಡಿ, ತಾರೀಕು ಹಾಕಿ, ಹಾಳೆಯನ್ನು ಅವರತ್ತ ತಿರುಗಿಸಿಟ್ಟಳು.

ರಾಜಾಸಾಬನನ್ನು ಅವಳ ನಂತರ ಕರೆದರು. ಅವನು ಐದೇ ನಿಮಿಷದಲ್ಲಿ ಹೊರಗೆ ಬಂದ. "ನೀ ಬರೆದದ್ದನ್ನ ತೋರಿಸಿದ್ರು" ಎಂದ. "ಕೆಳಗ 'ನಾನೂ' ಅಂತ ಬರೆದು ಬಂದೆ."

*

ನ್ಯಾಯಾಲಯದ ಪೆಟ್ಟಿಗೆಗೆ ಸೇರಿದ್ದ ದಾಖಲೆ, ಅಕ್ಕಿ ಡಬ್ಬಿಯ ಹಿಂದಿನ ಫೋನಿನಿಂದ ಕಂಟ್ರೋಲ್ ರೂಮಿನಲ್ಲಿ ಧ್ವನಿಮುದ್ರಣವಾದ ಮಾತುಗಳು, ಶರಣಮ್ಮನ ಸಾಕ್ಷಿ, ಈ ಮೂರನ್ನೂ ಅಮರೇಶನ ವಕೀಲರು ಅಲುಗಾಡಿಸಲಾಗಲಿಲ್ಲ. ಪಿಸ್ತೂಲಿನ ಗುಂಡಿನ ಮನೆ ಖಾಲಿ ಇರಲಿಲ್ಲವೆಂದು ಪ್ರಯೋಗಾಲಯದವರು ಬರೆದುಕೊಟ್ಟಿದ್ದರು. ಕೊಲೆ ಯತ್ನಕ್ಕೆ ಅವನಿಗೆ ಏಳು ವರ್ಷ ಶಿಕ್ಷೆಯಾಯಿತು. ಪಂಪಾವತಿ ತೀರ್ಪಿನ ದಿನ ಬರಲಿಲ್ಲ. ಅಂದು ಅವಳ ಹೊಸ ಶಾಲೆಯಲ್ಲಿ ಪರೀಕ್ಷೆ ಇತ್ತು, ಮುಖ್ಯೋಪಾಧ್ಯಾಯಿನಿ ಹೇಗೆ ಬಿಟ್ಟುಬರಲಾಗುತ್ತದೆ ಎಂದು ಫೋನಿನಲ್ಲಿ ಹೇಳಿದಳು. ಹೇಳಿ ನಕ್ಕಳು. ಆ ನಗುವನ್ನು ಹುಲಿಗೆಮ್ಮ ಕೇಳಿದ್ದು ಅದೇ ಮೊದಲು.

ಇಲಾಖೆ ಮಾತ್ರ ಕ್ಷಮಿಸಲಿಲ್ಲ. ರಾಜಾಸಾಬನನ್ನು ಕಡ್ಡಾಯ ನಿವೃತ್ತಿ ಮಾಡಿ ಕಳಿಸಿದರು. ಹುಲಿಗೆಮ್ಮಳನ್ನು ಕಾನ್‌ಸ್ಟೆಬಲ್ ದರ್ಜೆಗೆ ಇಳಿಸಿದರು. ಕಂಟ್ರೋಲ್ ರೂಮಿನಿಂದ ತೆಗೆದು ಶಸ್ತ್ರಾಗಾರದ ಬಾಗಿಲು ಕಾಯಲು ಹಾಕಿದರು. ಕ್ಷಮಾಪಣೆ ಬರೆದುಕೊಟ್ಟರೆ ದರ್ಜೆ ವಾಪಸ್ ಕೊಡುತ್ತೇವೆ ಎಂದು ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ ಅವಳು ಹಾಳೆಯನ್ನು ಖಾಲಿ ವಾಪಸ್ ಕಳಿಸಿದಳು.

ಆದರೆ ವಿಷಯ ವಿಧಾನಸಭೆಯವರೆಗೆ ಹೋಗಿ, ವಿನಾಯಿತಿ ಪಟ್ಟಿಯನ್ನು ತೆಗೆದುಹಾಕಬೇಕಾಗಿ ಬಂತು. ಅದರ ಜೊತೆಗೆ ಇನ್ನೊಂದು ನಿಯಮವೂ ಬಂತು. ಕೆಲಸ ಮುಗಿದ ಮೇಲೆ ಪಿಸ್ತೂಲನ್ನು ಮನೆಗೆ ಒಯ್ಯಬೇಕಾದರೆ ಅಧಿಕಾರಿಯ ಮನೆಯವರು ಒಪ್ಪಿ ಸಹಿ ಹಾಕಬೇಕು. ಸಹಿ ಹಾಕದಿದ್ದರೆ ಕಾರಣ ಹೇಳಬೇಕಿಲ್ಲ, ಪಿಸ್ತೂಲು ಶಸ್ತ್ರಾಗಾರದಲ್ಲಿ ಉಳಿಯುತ್ತದೆ. ಇದು ಹೆಸರಿಗಷ್ಟೇ ನಿಯಮ ಎಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಯಾವ ಹೆಂಡತಿ ತಾನೇ ಇಲ್ಲ ಎಂದು ಬರೆದು, ಅದೇ ಗಂಡನ ಮುಂದೆ ಸಂಜೆ ಊಟಕ್ಕೆ ಕೂರುತ್ತಾಳೆ?

ಪೊಲೀಸ್ ವಸತಿಗೃಹದ ಹೆಂಗಸರಿಗೂ ಅದು ಗೊತ್ತಿತ್ತು. ಶರಣಮ್ಮನ ಅಂಗಳದಲ್ಲಿ ಅವರು ಎರಡು ದಿನ ಸೇರಿದರು. ಒಬ್ಬಳು ಸಹಿ ಹಾಕದಿದ್ದರೆ ಅವಳ ಮೇಲೆ ಕಣ್ಣು ಬೀಳುತ್ತದೆ. ಹತ್ತು ಮಂದಿ ಹಾಕದಿದ್ದರೂ ಆ ಹತ್ತು ಮನೆಗಳತ್ತ ಬೆರಳು ತೋರಿಸುತ್ತಾರೆ. "ಯಾರೂ ಹಾಕೋದು ಬ್ಯಾಡ" ಎಂದಳು ಶರಣಮ್ಮ. "ನನ್ನ ಗಂಡ ಇರುವಿ ತುಳಿಯಂಗಿಲ್ಲ. ನಾನೂ ಹಾಕಂಗಿಲ್ಲ. ಆಗ ಯಾರ ಮನ್ಯಾಗ ಏನೈತಿ ಅಂತ ಯಾರಿಗೂ ತಿಳಿಯಂಗಿಲ್ಲ."

ಹೊಸ ನಿಯಮದ ಮೊದಲ ಸಂಜೆ ರಕ್ಷಣಾಧಿಕಾರಿ ತಂದುಕೊಟ್ಟ ಲಕೋಟೆಗಳನ್ನು ಶಸ್ತ್ರಾಗಾರದ ಮೇಜಿನ ಮೇಲೆ ಬಿಚ್ಚಿದರು. ಅರವತ್ತೊಂದು ಮನೆಗಳ ಅರವತ್ತೊಂದು ಹಾಳೆ. ಒಂದರಲ್ಲೂ ಸಹಿ ಇರಲಿಲ್ಲ.

ಅಧಿಕಾರಿಗಳು ಪಿಸ್ತೂಲು ಒಪ್ಪಿಸಲು ಬಾಗಿಲ ಮುಂದೆ ಸಾಲು ನಿಂತರು. ಕೆಲವರು ಬೈದುಕೊಂಡರು, ಕೆಲವರು ನಾಚಿಕೊಂಡು ನಕ್ಕರು. ಒಳಗೆ ಪಿಸ್ತೂಲು ಇಡುವ ಗೂಡುಗಳು ಮೂವತ್ತಕ್ಕೇ ತುಂಬಿದವು. ಹೊಸ ಉಸ್ತುವಾರಿಯವನು ಗಾಬರಿಯಾಗಿ, ಬಡಗಿಯನ್ನು ಕರೆಸಿ, ಇನ್ನೂ ಮೂವತ್ತೊಂದು ಗೂಡು ಬೇಕು ಎಂದು ಎಸ್‌ಪಿ ಕಚೇರಿಗೆ ಫೋನ್ ಮಾಡುತ್ತಿದ್ದ. ಹುಲಿಗೆಮ್ಮ ನೆಲದ ಮೇಲೆ ಕಂಬಳಿ ಹಾಸಿ ಉಳಿದವನ್ನು ಅದರ ಮೇಲೆ ಒಂದೊಂದಾಗಿ ಜೋಡಿಸಿದಳು.

ಸಾಲಿನ ಕೊನೆಯಲ್ಲಿ ಒಬ್ಬ ಎಳೆಯ ಸಬ್ ಇನ್‌ಸ್ಪೆಕ್ಟರ್ ಇದ್ದ. ಮದುವೆಯಾಗಿ ವರ್ಷ ಆಗಿರಲಿಲ್ಲ. ಪಿಸ್ತೂಲು ಕೊಟ್ಟ ಮೇಲೂ ಹೋಗದೆ ನಿಂತ.

"ಏನಮ್ಮಾ, ನಾನು ಆಕೀಗೆ ಒಂದು 'ಛೀ' ಅಂದಿಲ್ಲ ಇವತ್ತಿನ ತನಕ. ಯಾಕ ಸಹಿ ಹಾಕಲಿಲ್ಲ ಆಕಿ?" ನಿಜವಾಗಿಯೂ ನೊಂದಿದ್ದ.

ಹುಲಿಗೆಮ್ಮ ಅವನ ಪಿಸ್ತೂಲನ್ನು ಕಂಬಳಿಯ ಮೇಲೆ ಇಟ್ಟು, ನಂಬರು ಬರೆದುಕೊಂಡು, ಎದ್ದು ನಿಂತಳು.

"ಮನಿಗೆ ಹೋಗಿ ಆಕೀನೇ ಕೇಳ್ರಿ ಸರ್" ಎಂದಳು. "ಬರಿಗೈಲಿ."